ಕೆಲಸಕ್ಕೆ ಹೋಗುವ ರಿಹರ್ಸಲ್ಲು

ನಮ್ಮತ್ತೆಗೆ ಮಕ್ಕಳನ್ನು ಕಂಡರಾಗುವುದಿಲ್ಲ. ಇದು ನಾನು ಹೊರಿಸುತ್ತಿರುವ ಅಪವಾದವೆಂದು ತಿಳಿಯಬೇಡಿ. ಅವಳೇ ಹೇಳಿಕೊಂಡು ತಿರುಗುವ ಮಾತು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಒಬ್ಬಳೇ ತಂಗಿ. ವಯಸ್ಸು ಅರವತ್ತಾರು. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಲೈನ್ ಬಿಜಿ ಇತ್ತು!"

ಲೈನ್ ಬಿಜಿ ಇದ್ದದ್ದು ಸುಳ್ಳಲ್ಲ. ಫೋನಿಗೆ ಡಯಲ್ ಇಲ್ಲದ ಕಾಲದಲ್ಲಿ ಅವಳು ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಇವರ ತಂತಿಯನ್ನು ಅವರಿಗೆ, ಅವರ ತಂತಿಯನ್ನು ಇವರಿಗೆ ಸಿಕ್ಕಿಸಿ ಮಾತಾಡಿಸುವ ಕೆಲಸ. ಅದರಿಂದ ಅವಳಿಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿದೆ. ಜನರ ಮುಖ ನೆನಪಿರುವುದಿಲ್ಲ, ದನಿ ನೆನಪಿರುತ್ತದೆ! ಸಂತೆಯಲ್ಲಿ ಯಾರಾದರೂ ಹಿರಿಯರು "ಚೆನ್ನಾಗಿದ್ದೀರಾ ಮೇಡಂ?" ಎಂದರೆ ಅತ್ತೆ ಅಲ್ಲೇ ನಿಂತು ಕಣ್ಣು ಮುಚ್ಚುತ್ತಾಳೆ. "ಇನ್ನೊಂದ್ಸಲ ಮಾತಾಡಿ" ಎನ್ನುತ್ತಾಳೆ. ಅವರು ಗಾಬರಿಯಿಂದ ಇನ್ನೊಮ್ಮೆ ಮಾತಾಡುತ್ತಾರೆ. "ಹಾಂ! ಇನ್ನೂರ ಹದಿನಾಲ್ಕು! ಕೊಬ್ಬರಿ ಮಂಡಿ!" ಎಂದು ಕಣ್ಣು ಬಿಡುತ್ತಾಳೆ. ಆ ಮನುಷ್ಯನಿಗೇ ತನ್ನ ಅಪ್ಪನ ಕಾಲದ ನಂಬರ್ ಮರೆತುಹೋಗಿರುತ್ತದೆ!

ಇಂಥ ಅತ್ತೆ ನನ್ನ ಮಗಳ ನಾಮಕರಣಕ್ಕೆ ಹಾಸನಕ್ಕೆ ಬಂದಿದ್ದಳು. ಬಂದ ಹೆಂಗಸರೆಲ್ಲ ಪುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೆ, ಇವಳು ಎರಡು ಮಾರು ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು ತೊಟ್ಟಿಲನ್ನು ನೋಡಿದಳು.

"ಇದು ಯಾವಾಗ ಮಾತಾಡ್ತದೆ?"

"ಒಂದು ವರ್ಷನಾದ್ರೂ ಆಗ್ಬೇಕು ಅತ್ತೆ."

"ಹಂಗಾದ್ರೆ ಆಮೇಲೆ ಬತ್ತೀನಿ ಬುಡು," ಎಂದು ಊಟ ಮುಗಿಸಿ, ತಾಂಬೂಲ ಇಸಿದುಕೊಂಡು ಚಿಕ್ಕನಾಯಕನಹಳ್ಳಿಯ ತನ್ನ ಮನೆಗೆ ಹೊರಟೇ ಹೋದಳು.

ಇವಳ ಕೈಗೆ ನಾನು ಮಗು ಒಪ್ಪಿಸಬೇಕಾಗಿ ಬರುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನಗೆ ಅಪ್ಪ ಅಮ್ಮ ಇಲ್ಲ. ಗಂಡನಿಗೂ ಇಲ್ಲ. ಬಾಣಂತನವನ್ನು ಹಾಸನದಲ್ಲಿ ಅಣ್ಣನ ಮನೆಯಲ್ಲಿ ಮುಗಿಸಿ, ಮೂರು ತಿಂಗಳ ಕೂಸು ಹೊತ್ತು ತಿಪಟೂರಿನ ನಮ್ಮ ಬಾಡಿಗೆ ಮನೆಗೆ ಬಂದೆ. ಗಂಡ ಬೋರ್‌ವೆಲ್ ಲಾರಿಯ ಆಪರೇಟರ್. ಇವತ್ತು ಹಿರಿಯೂರು, ನಾಳೆ ರಾಯಚೂರು, ನಾಡಿದ್ದು ಆಂಧ್ರ. ಹದಿನೈದು ದಿನಕ್ಕೊಮ್ಮೆ ಮೈತುಂಬ ಕಲ್ಲುಪುಡಿ ಮೆತ್ತಿಕೊಂಡು ಬಂದರೆ ಪುಟ್ಟಿ ಯಾರೋ ಎಂದು ಚೀರುತ್ತಾಳೆ. ಉಳಿದ ದಿನ ನಮ್ಮ ಸಂಸಾರವೆಲ್ಲ ಫೋನಿನಲ್ಲಿ, ಅದೂ ಬೋರ್ ಕೊರೆಯುವ ಸದ್ದಿನ ನಡುವೆ! ಒಂದು ದಿನ ನಾನು ಸಂಭ್ರಮದಿಂದ ಕೂಗಿ ಹೇಳಿದೆ:

"ಪುಟ್ಟಿ ಬೋರಲು ಬಿದ್ದಳು ಕಣ್ರೀ!"

"ಏನು? ಬೋರು ಬಿತ್ತಾ? ಎಲ್ಲಿ? ಎಷ್ಟಿಂಚು ನೀರು?"

ಮಗುವಿನ ಜೀವಮಾನದ ಮೊದಲ ಸಾಹಸಕ್ಕೆ ಅದರ ಅಪ್ಪ ಕೇಳಿದ ಪ್ರಶ್ನೆ ಇದು! ನಕ್ಕೆ. ಫೋನ್ ಇಟ್ಟ ಮೇಲೆ ಆ ನಗುವನ್ನು ಹಂಚಿಕೊಳ್ಳುವುದಕ್ಕೆ ಮನೆಯಲ್ಲಿ ಯಾರಿದ್ದರು? ಬೋರಲು ಬಿದ್ದವಳು, ಮತ್ತೆ ಮೇಲೆ ತಿರುಗುವ ಫ್ಯಾನು. ಫ್ಯಾನಿಗೂ ಹೇಳಿದೆ.

ನನ್ನ ಕೆಲಸ ಹೊನ್ನವಳ್ಳಿ ರಸ್ತೆಯ ಒಂದು ಕಾಯಿಪುಡಿ ಫ್ಯಾಕ್ಟರಿಯ ಲ್ಯಾಬಿನಲ್ಲಿ. ತೆಂಗಿನಕಾಯಿಯನ್ನು ತುರಿದು ಒಣಗಿಸಿ ಪುಡಿ ಮಾಡಿ ಮೂಟೆ ಕಟ್ಟುವ ಮುಂಚೆ, ಅದರಲ್ಲಿ ತೇವ ಎಷ್ಟು ಉಳಿದಿದೆ ಎಂದು ಅಳೆದು ಹೇಳುವುದು ನನ್ನ ಪಾಲಿನದು. ಆರು ತಿಂಗಳ ರಜೆ ಮುಗಿಯುತ್ತಾ ಬಂದಾಗ ಮ್ಯಾನೇಜರು ಫೋನ್ ಮಾಡಿದರು. "ಒಂದನೇ ತಾರೀಕು ಸೋಮವಾರ ಬತ್ತೀರೇನಮ್ಮ? ಇಲ್ಲಾಂದ್ರೆ ಹೇಳ್ಬಿಡಿ, ಬೇರೆಯವ್ರನ್ನ ನೋಡ್ಕೊತೀವಿ." ಬತ್ತೀನಿ ಸಾರ್ ಎಂದೆ. ಪುಟ್ಟಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಅವರು ಕೇಳಲಿಲ್ಲ.

ಹುಡುಕಾಟ ಶುರುವಾಯಿತು. ಅಂಗನವಾಡಿ ಟೀಚರು, "ನಡ್ಕೊಂಡು ಬರೋ ಹಂಗಾದ್ಮೇಲೆ ಕಳ್ಸಮ್ಮ" ಎಂದರು. ಎರಡು ಬೀದಿಯಾಚೆಯ ಬೇಬಿ ಕ್ಲಾಸಿನವರು ಡೈಪರ್ ಬಿಟ್ಟ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದಂತೆ. ಒಟ್ಟಿನಲ್ಲಿ ಪುಟ್ಟಿ ನಡೆಯಲು ಕಲಿತು, ಬಟ್ಟೆ ಒದ್ದೆ ಮಾಡುವುದನ್ನು ಬಿಟ್ಟು, ತನ್ನ ಅರ್ಜಿ ತಾನೇ ಬರೆದುಕೊಂಡು ಹೋದರೆ ಊರಿನಲ್ಲಿ ಅವಳನ್ನು ನೋಡಿಕೊಳ್ಳಲು ಜನ ಸಿದ್ಧರಿದ್ದರು! ಕೊನೆಗೆ ಯಾರೋ ಹೇಳಿ ಒಬ್ಬ ಹೆಂಗಸು ಬಂದರು. ಪುಟ್ಟಿಯನ್ನು ಕಂಡ ಕೂಡಲೇ ಅವರಿಗೆ ಗುಜರಾತಿಗೆ ಮದುವೆಯಾಗಿ ಹೋದ ಮಗಳು ನೆನಪಾಗಿ ಅಳು ಬಂತು. ಒಂದು ಕೈಯಲ್ಲಿ ಪುಟ್ಟಿಯನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವರಿಗೆ ಕಾಫಿ ಕೊಟ್ಟು, ಸಂಜೆಯವರೆಗೆ ಇಬ್ಬರನ್ನೂ ಸಮಾಧಾನ ಮಾಡಿದೆ. ಮರುದಿನ ಅವರು ಬರಲಿಲ್ಲ. ಬಂದಿದ್ದರೆ ಅವರನ್ನು ನೋಡಿಕೊಳ್ಳಲು ಮತ್ತೊಬ್ಬರನ್ನು ಹುಡುಕಬೇಕಾಗಿತ್ತು.

ಉಳಿದವಳು ಅತ್ತೆ ಒಬ್ಬಳೇ. ಪುಟ್ಟಿಯನ್ನು ಎತ್ತಿಕೊಂಡು ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋದೆ. ಅವಳ ಮನೆಯಲ್ಲಿ ಇರುವುದೇ ಒಂದು ಕುರ್ಚಿ. ಅದರ ಮೇಲೆ ನನ್ನನ್ನು ಕೂರಿಸಿ ತಾನು ನಿಂತುಕೊಂಡಳು. ವಿಷಯ ಹೇಳಿದೆ. ನಾನು ಅವಳನ್ನು ಕೆಲಸಕ್ಕೆ ಕೇಳಲು ಹೋದವಳು. ಸಂದರ್ಶನ ನಡೆದದ್ದು ಮಾತ್ರ ನನ್ನದು!

"ನೀನ್ಯಾಕೆ ಕೆಲಸಕ್ಕೆ ಹೋಗ್ಬೇಕು?"

"ಮನೆ ನಡೀಬೇಕಲ್ಲ ಅತ್ತೆ."

"ನಿನ್ ಗಂಡ ದುಡೀತಾನೆ. ನಡೀತದೆ. ಮುಂದಿಂದು ಹೇಳು."

"ಓದಿದ್ದು ದಂಡ ಆಗ್ಬಾರ್ದು ಅಂತ..."

"ಅದು ಭಾಷಣ. ಮುಂದಿಂದು."

ತಲೆ ತಗ್ಗಿಸಿ ನಿಜ ಹೇಳಿದೆ. "ದಿನಾ ಗ್ಯಾಸ್ ಬುಕ್ ಮಾಡೋ ನಂಬರಿಗೆ ಫೋನ್ ಮಾಡ್ತೀನಿ ಅತ್ತೆ. ಗ್ಯಾಸ್ ಬೇಕಾಗಿರಲ್ಲ. ಅಲ್ಲಿ ಒಬ್ಳು ರೆಕಾರ್ಡಿಂಗಲ್ಲಿ ನಮಸ್ಕಾರ ಅಂತಾಳೆ, ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತಾಳೆ. ಪೂರ್ತಿ ಕೇಳಿ ಇಟ್ಬಿಡ್ತೀನಿ. ಅಷ್ಟ್ರಲ್ಲೇ ಯಾರೋ ಬಂದೋದ ಹಂಗಾಗ್ತದೆ."

ಅತ್ತೆ ನಗಲಿಲ್ಲ. ಕಿಟಕಿಯ ಕಡೆ ತಿರುಗಿ, "ಮಂಗಳವಾರ ಬತ್ತೀನಿ. ಆದ್ರೆ ಒಂದು ಕಂಡಿಷನ್ನು. ಮೂರು ದಿನ ರಿಹರ್ಸಲ್ ಆಗ್ಬೇಕು" ಎಂದಳು.

ಮಂಗಳವಾರ ಬಂದಳು. ಒಂದು ಸೂಟ್‌ಕೇಸು, ಒಂದು ಗೋಡೆ ಗಡಿಯಾರ. ಗಡಿಯಾರ ಯಾಕೆಂದರೆ "ನಿಮ್ಮನೇದನ್ನ ನಂಬಕ್ಕಾಗಲ್ಲ". ಗೋಡೆಗೆ ಒಂದು ಡ್ಯೂಟಿ ಚಾರ್ಟು ಅಂಟಿಸಿದಳು. ಹಾಲು ಹಿಂಡಿಟ್ಟ ಲೋಟ ಫ್ರಿಜ್ಜಿನಲ್ಲಿ ಎಲ್ಲಿ, ರಾಗಿ ಸರಿ ಎಷ್ಟು ಗಂಟೆಗೆ, ಎಲ್ಲಾ ಬರೆದುಕೊಂಡಳು. ನಾನು ಹಾಲು ಕುಡಿಸುವ ಒಳಲೆಯ ಮೂತಿಯನ್ನು ಮಗುವಿನ ತುಟಿಗೆ ಹೇಗಿಡಬೇಕೆಂದು ತೋರಿಸುತ್ತಿದ್ದರೆ, ಅದನ್ನು ಯಂತ್ರದ ಬಿಡಿಭಾಗದ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಪುಟ್ಟಿ ಅತ್ತಾಗ ಎತ್ತಿಕೊಳ್ಳಲಿಲ್ಲ. ಎದುರಿಗೆ ಕೂತು ಕಣ್ಣು ಮುಚ್ಚಿದಳು!

"ಅತ್ತೆ, ಮಗು ಅಳ್ತಿದೆ!"

"ಶ್! ಕೇಳಿಸ್ಕತಾ ಇವ್ನಿ. ಇದು ಹಸಿವಲ್ಲ ಕಣೇ. ಸುಮ್ನೆ ಲೈನ್ ಐತಾ ಅಂತ ಚೆಕ್ ಮಾಡ್ತಾವ್ಳೆ." ಮಗುವಿನ ಕಡೆ ಬಾಗಿ, "ಹಲೋ, ಹೇಳಿ, ಕೇಳಿಸ್ತಾ ಐತೆ" ಎಂದಳು. ಪುಟ್ಟಿ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. ಬಹುವಚನದಲ್ಲಿ ತನ್ನನ್ನು ಯಾರೂ ಅದುವರೆಗೆ ಮಾತಾಡಿಸಿರಲಿಲ್ಲವಲ್ಲ!

ರಿಹರ್ಸಲ್ ಎಂದರೆ ಅವಳು ಮಗು ನೋಡಿಕೊಳ್ಳುತ್ತಾಳೆ, ನಾನು ಪಕ್ಕದ ಕೋಣೆಯಲ್ಲಿರುತ್ತೇನೆ ಎಂದುಕೊಂಡಿದ್ದೆ. ಬುಧವಾರ ಬೆಳಗ್ಗೆ ಎಂಟೂವರೆಗೆ ನನ್ನ ಹೆಗಲಿಗೆ ಬ್ಯಾಗು ಸಿಕ್ಕಿಸಿ, ಕೈಗೆ ಟಿಫಿನ್ ಡಬ್ಬಿ ಕೊಟ್ಟು, ಬಾಗಿಲಾಚೆ ನಿಲ್ಲಿಸಿದಳು.

"ಐದೂವರೆಗೆ ಬಾ."

"ಅತ್ತೆ, ಫ್ಯಾಕ್ಟರಿ ಇರೋದು ಸೋಮವಾರದಿಂದ! ಈಗ ಎಲ್ಲಿಗೆ ಹೋಗ್ಲಿ?"

"ಅದು ನಿನ್ ಡಿಪಾರ್ಟ್‌ಮೆಂಟು. ಫೋನ್ ಗೀನ್ ಮಾಡ್ಬೇಡ. ಡ್ಯೂಟಿ ಟೈಮಲ್ಲಿ ನಾನು ಪ್ರೈವೇಟ್ ಕಾಲ್ ತಗಳಲ್ಲ."

ಬಾಗಿಲು ಮುಚ್ಚಿತು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಚಿತ್ರಾನ್ನ, ಹೋಗಬೇಕಾದ ಜಾಗ ಯಾವುದೂ ಇಲ್ಲ! ಕಾಲುಗಳು ತಾವಾಗಿಯೇ ನನ್ನನ್ನು ಬಸ್‌ಸ್ಟ್ಯಾಂಡಿಗೆ ಒಯ್ದವು. ಕಲ್ಲಿನ ಬೆಂಚಿನ ಮೇಲೆ ಕೂತೆ. ಬಂದ ಬಂದ ಕಂಡಕ್ಟರೆಲ್ಲ "ತುರುವೇಕೆರೆನಾ ಅಕ್ಕ? ಹುಳಿಯಾರಾ?" ಎಂದು ಕೇಳಿದರು. ಅಲ್ಲ ಅಲ್ಲ ಎಂದು ತಲೆಯಾಡಿಸಿ ಕತ್ತು ನೋವು ಬಂತು. ಹನ್ನೊಂದೂವರೆಗೆ ತಡೆಯಲಾಗದೆ ಮನೆಗೆ ಓಡಿ ಬಾಗಿಲು ಬಡಿದೆ. ಕಿಟಕಿ ಎರಡು ಬೆರಳಷ್ಟು ತೆರೆಯಿತು.

"ಯಾರು ಬೇಕಾಗಿತ್ತು?"

"ಅತ್ತೆ, ನಾನು!"

"ಈ ಮನೆಯವ್ರು ಕೆಲಸಕ್ಕೆ ಹೋಗವ್ರೆ. ಐದೂವರೆ ಮೇಲೆ ಬನ್ನಿ."

ಕಿಟಕಿ ಮುಚ್ಚಿತು! ಒಳಗೆ ಪುಟ್ಟಿ ಅಳುತ್ತಿದ್ದರೆ ಬಾಗಿಲು ಮುರಿದೇ ನುಗ್ಗುತ್ತಿದ್ದೆನೇನೋ. ಅವಳು ಕಿಲಕಿಲ ನಗುತ್ತಿದ್ದಳು. ಅಳುವುದಕ್ಕಿಂತ ಅದೇ ಕಷ್ಟವಾಯಿತು. ಮೂರು ತಿಂಗಳಿಂದ ನಾನಿಲ್ಲದೆ ಒಂದು ಗಳಿಗೆಯೂ ಇರಲಾರಳು ಎಂದುಕೊಂಡಿದ್ದೆನಲ್ಲ, ಅವಳು ಇರಬಲ್ಲಳು. ಇರಲಾರದವಳು ನಾನು. ಮತ್ತೆ ಬಸ್‌ಸ್ಟ್ಯಾಂಡಿಗೆ ಬಂದು ಚಿತ್ರಾನ್ನ ಬಿಚ್ಚಿದೆ.

ಎರಡನೇ ದಿನ ಕಂಡಕ್ಟರುಗಳ ಕಾಟ ಬೇಡವೆಂದು ನೊಣವಿನಕೆರೆ ಬಸ್ಸು ಹತ್ತಿ ಕೂತುಬಿಟ್ಟೆ. ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅಳತೊಡಗಿತು. ನನ್ನ ಎದೆಗೇನು ಗೊತ್ತು ಅದು ಬೇರೆಯವರ ಮಗು ಎಂದು? ಹಾಲು ಇಳಿದು ರವಿಕೆ ಒದ್ದೆಯಾಯಿತು. ಬ್ಯಾಗನ್ನು ಎದೆಗವಚಿಕೊಂಡು ಕಿಟಕಿಯಾಚೆ ಓಡುವ ತೆಂಗಿನ ಮರಗಳನ್ನು ನೋಡುತ್ತಾ ಕೂತೆ. ಪಕ್ಕದಲ್ಲಿದ್ದ ಅಜ್ಜಿ ವಿಚಾರಿಸಿದರು.

"ಯಾರ ಮನೆಗೆ ಮಗಾ?"

"ಯಾರ ಮನೆಗೂ ಇಲ್ಲ ಅಜ್ಜಿ. ಸುಮ್ನೆ ಹೋಗಿ ವಾಪಸ್ ಬತ್ತೀನಿ. ಕೆಲಸಕ್ಕೆ ಹೋಗೋದನ್ನ ಪ್ರಾಕ್ಟೀಸ್ ಮಾಡ್ತಿದೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಕೈಚೀಲವನ್ನು ಮೆಲ್ಲಗೆ ಆ ಕಡೆಯ ತೊಡೆಗೆ ಬದಲಾಯಿಸಿಕೊಂಡರು.

ಮೂರನೇ ದಿನ ಮತ್ತದೇ ಕಲ್ಲುಬೆಂಚು. ಎದುರಿಗೆ ನಮ್ಮ ಬೀದಿಯವರೇ ಆದ ಗಫಾರ್ ಭಾಯಿಯ ಟೈಲರ್ ಅಂಗಡಿ. ಅವರು ಹೊಲಿಗೆ ನಿಲ್ಲಿಸಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ರಸ್ತೆ ದಾಟಿ ಬಂದರು.

"ಏನಮ್ಮಾ, ಮನೇಲೇನಾದ್ರೂ ಜಗಳಾನಾ? ಮೂರು ದಿನದಿಂದ ನೋಡ್ತಿದೀನಿ."

ಇಲ್ಲ ಭಾಯಿ, ಹೀಗ್ಹೀಗೆ ಎಂದು ರಿಹರ್ಸಲ್ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರು ಊಟಕ್ಕೆ ಮನೆಗೆ ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು ಅತ್ತೆಗೆ ಅದನ್ನೆಲ್ಲ ಹೇಳಿಯೂಬಿಟ್ಟರೆಂದು ನನಗೆ ತಿಳಿಯಲಿಲ್ಲ.

ಒಂದೂವರೆಯ ಹೊತ್ತಿಗೆ ನನ್ನೆದುರು ಒಂದು ಆಟೋ ನಿಂತಿತು. ಅತ್ತೆ ಇಳಿದಳು. ಪುಟ್ಟಿಯನ್ನು ಎರಡು ಕೈಯಲ್ಲೂ ಮುಂದಕ್ಕೆ ಹಿಡಿದುಕೊಂಡು, ತುಂಬಿದ ಪಾತ್ರೆಯನ್ನು ತುಳುಕದ ಹಾಗೆ ತರುವವಳಂತೆ ನಡೆದು ಬಂದು ನನ್ನ ತೊಡೆಯ ಮೇಲಿಟ್ಟಳು. ಮುಖ ಕೆಂಪಾಗಿತ್ತು.

"ಮೂರು ದಿನದಿಂದ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೀಯಂತೆ?"

"ಮತ್ತೆಲ್ಲಿಗೆ ಹೋಗ್ಲಿ ಅತ್ತೆ?"

"ಯಾರಾದ್ರೂ ಸ್ನೇಹಿತೆ ಮನೆಗೆ ಹೋಗ್ತೀಯ, ನಕ್ಕೊಂಡು ಮಾತಾಡ್ಕೊಂಡು ಬತ್ತೀಯ ಅನ್ಕೊಂಡಿದ್ದೆ ಕಣೇ! ಇಷ್ಟು ದೊಡ್ಡ ಊರಲ್ಲಿ ನಿಂಗೆ ಒಂದ್ ಮನೆ ಇಲ್ವಾ?"

ಯೋಚಿಸಿದೆ. ಜೊತೆಯಲ್ಲಿ ಓದಿದವರು ಮದುವೆಯಾಗಿ ಚೆದುರಿಹೋಗಿದ್ದರು. ಫ್ಯಾಕ್ಟರಿಯವರು ಫ್ಯಾಕ್ಟರಿಯಲ್ಲಿದ್ದರು. "ಇಲ್ಲ ಅತ್ತೆ," ಎಂದೆ.

ಅತ್ತೆ ನನ್ನ ಪಕ್ಕದಲ್ಲಿ ಕೂತಳು. ಬಸ್ಸುಗಳ ಗದ್ದಲದಲ್ಲಿ ಪುಟ್ಟಿಗೆ ಸೆರಗು ಮುಚ್ಚಿ ಹಾಲು ಕುಡಿಸಿದೆ. ಅತ್ತೆ ಆ ಕಡೆ ನೋಡುತ್ತಲೇ ಹೇಳಿದಳು: "ನಂಗೂ ಇರ್ಲಿಲ್ಲ. ಈ ಊರವ್ರ ದನಿಯೆಲ್ಲಾ ಗೊತ್ತಿತ್ತು. ಯಾರ್ ಮನೇಲಿ ಮದ್ವೆ, ಯಾರ್ ಮನೇಲಿ ಸಾವು, ಎಲ್ಲಾ ನಂಗೇ ಮೊದ್ಲು ಗೊತ್ತಾಗದು. ಡ್ಯೂಟಿ ಮುಗುಸ್ಕೊಂಡು ಆಚೆ ಬಂದ್ರೆ ಒಳಿಕ್ ಬನ್ನಿ ಅನ್ನೋ ಬಾಗ್ಲು ಒಂದೂ ಇರ್ಲಿಲ್ಲ."

ಡಬ್ಬಿಯನ್ನು ಅವಳ ಕಡೆ ಸರಿಸಿದೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಪುಳಿಯೋಗರೆ ತಿಂದೆವು. ಅಷ್ಟರಲ್ಲಿ ಗಫಾರ್ ಭಾಯಿ ಮೂರು ಲೋಟ ಟೀ ತಂದು, "ತಗೊಳ್ಳಿ ಮೇಡಂ" ಎಂದರು. ಅತ್ತೆ ಕಣ್ಣು ಮುಚ್ಚಿದಳು. "ಮುನ್ನೂರ ಏಳು! ನಿಮ್ಮಪ್ಪಾರ ದನೀನೇ! ಬಾಗ್ಲಲ್ಲಿ ಗಾಬ್ರೀಲಿ ಗೊತ್ತಾಗ್ಲಿಲ್ಲ ನೋಡಿ!" ಎಂದಳು. ಭಾಯಿ ಟೀ ಹಿಡಿದುಕೊಂಡೇ ನಿಂತುಬಿಟ್ಟರು. "ನಮ್ಮ ಅಬ್ಬಾ ಹೋಗಿ ಹದಿನೆಂಟು ವರ್ಷ ಆಯ್ತು ಮೇಡಂ" ಎಂದರು. ಆಮೇಲೆ ಸುಧಾರಿಸಿಕೊಂಡು, "ಇನ್ನೇನಾದ್ರೂ ಮಾತಾಡ್ಲಾ?" ಎಂದು ಕೇಳಿದರು.

ಸೋಮವಾರ ಬಂತು. ನಿಜವಾಗಿ ಕೆಲಸಕ್ಕೆ ಹೋದೆ. ಅಲ್ಲಿ ಹೋದ ಕೂಡಲೇ ಎಲ್ಲರೂ ಬಂದು ಮುತ್ತಿಕೊಳ್ಳುತ್ತಾರೆ, ಆರು ತಿಂಗಳ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿ ಮುಗಿಸುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಮುತ್ತಿಕೊಂಡದ್ದು ನಿಜ, ಹತ್ತು ನಿಮಿಷ. ಮೊಬೈಲಿನಲ್ಲಿ ಪುಟ್ಟಿಯ ಫೋಟೋ ನೋಡಿ, "ಥೇಟ್ ಅಪ್ಪನೇ" ಎಂದು ತೀರ್ಪು ಕೊಟ್ಟು ಎಲ್ಲರೂ ಅವರವರ ಮಿಷನ್ನಿಗೆ ಹೋದರು. ನನ್ನ ಕುರ್ಚಿಯ ಮೇಲೆ ಹೊಸ ಹುಡುಗಿಯೊಬ್ಬಳ ದುಪಟ್ಟ ಇತ್ತು. "ಸಾರಿ ಅಕ್ಕ" ಎಂದು ತೆಗೆದುಕೊಂಡಳು. ಮಧ್ಯಾಹ್ನ ಹೊಸ ಹುಡುಗಿಯರು ಮೂವರು ಒಂದು ಕಡೆ ಕೂತು ನನಗೆ ಗೊತ್ತಿಲ್ಲದ ಯಾವುದೋ ವಿಷಯಕ್ಕೆ ನಗುತ್ತಿದ್ದರು. ನಾನು ಮೂಟೆಗಳ ಪಕ್ಕ ಕೂತು ಉಂಡೆ. ಬಾತ್‌ರೂಮಿಗೆ ಹೋಗಿ ಗೋಡೆಗೆ ಒರಗಿ ಹಾಲು ಹಿಂಡಿ ಚೆಲ್ಲಿದೆ. ಮತ್ತೆ ಬಂದು, ಕಾಯಿಪುಡಿಯನ್ನು ತಟ್ಟೆಗೆ ಹಾಕಿ, ತೇವ ಎಷ್ಟೆಂದು ನೋಡಿ ಬರೆದೆ. ಕೈ ಏನನ್ನೂ ಮರೆತಿರಲಿಲ್ಲ. ಅದೊಂದು ಸಮಾಧಾನ.

ಮನೆಗೆ ಬಂದಾಗ ಆರು ಗಂಟೆ ದಾಟಿತ್ತು. ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಒಳಗೆ ಮಬ್ಬು, ಲೈಟು ಹಾಕಿರಲಿಲ್ಲ. ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ, ನೆಲದ ಮೇಲೆ ಕೂತಿದ್ದಳು. ಪುಟ್ಟಿ ಅವಳ ಎದೆಯ ಮೇಲೆ ಬೋರಲಾಗಿ, ಬಾಯಿ ಅರೆತೆರೆದು, ಜೊಲ್ಲಿನಿಂದ ಅವಳ ಸೆರಗು ನೆನೆಸಿ ಮಲಗಿದ್ದಳು. ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಬ್ಯಾಡ," ಎಂದಳು ಪಿಸುದನಿಯಲ್ಲಿ.

"ಯಾವಾಗಿಂದ ಹಿಂಗೆ ಕೂತಿದ್ದೀಯ ಅತ್ತೆ?"

"ಮೂರೂವರೆಯಿಂದ. ಕಾಲು ಜೋಮು ಹಿಡ್ದು ಇಲ್ವೇನೋ ಅನ್ನಂಗಾಗೈತೆ."

"ಕಾಫಿ?"

"ಕುಡ್ದಿಲ್ಲ. ಅಲ್ಲಾಡಿದ್ರೆ ಎದ್ದುಬಿಟ್ಟಾಳು."

"ಹಾಸಿಗೆ ಮೇಲೆ ಮಲಗಿಸಬಾರದಾ? ಕೊಡು ಇಲ್ಲಿ, ಎತ್ಕೊತೀನಿ," ಎಂದು ಬಾಗಿದೆ.

ಅತ್ತೆ ಕೊಡಲಿಲ್ಲ. ಮಗುವಿನ ಬೆನ್ನಿನ ಮೇಲಿದ್ದ ಕೈಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆ ಮಬ್ಬಿನಲ್ಲಿ ಅವಳ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ.

"ಅರವತ್ತಾರು ವರ್ಷದಲ್ಲಿ ನನ್ ಮೇಲೆ ಯಾರೂ ಹಿಂಗೆ ನಂಬ್ಕೊಂಡು ಮಲಗಿರ್ಲಿಲ್ಲ ಕಣೇ," ಎಂದಳು. "ಇನ್ನೊಂದೈದು ನಿಮಿಷ ಇರ್ಲಿ ಬುಡು."

ನನಗೆ ಹಾಲು ಕಟ್ಟಿ ಎದೆ ನೋಯುತ್ತಿತ್ತು. ಬೆಳಗಿನಿಂದ ಆ ಮಗುವನ್ನು ಮುಟ್ಟಲು ಕೈ ಹಾತೊರೆಯುತ್ತಿತ್ತು. ಬ್ಯಾಗನ್ನು ಸದ್ದಾಗದಂತೆ ಕೆಳಗಿಟ್ಟು, ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ.